ಬ್ಯಾಟರಿಯೊಂದನ್ನು ಬಿಟ್ಟು

ಕಾರಿನ ಕಾಯಿಲೆ ಪತ್ತೆ ಹಚ್ಚುವುದರಲ್ಲಿ ನಮ್ಮ ಭಾವನನ್ನು ಮೀರಿಸುವವರು ಚಳ್ಳಕೆರೆಯಲ್ಲೇ ಇಲ್ಲ. ವಾಸಿ ಮಾಡಿದ ಉದಾಹರಣೆಯೊಂದೂ ಇಲ್ಲ, ಅಷ್ಟೆ!

ಭಾವ ಎಂದರೆ ನಮ್ಮಕ್ಕನ ಗಂಡ. ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಲೆಕ್ಕ ಬರೆಯುವ ರೈಟರು. ತೊಂಬತ್ತರ ದಶಕದಲ್ಲಿ, ಮಿಲ್ಲಿನ ಸಾಹುಕಾರರು ಬೇಸತ್ತು ಕೈಬಿಟ್ಟ ಕಾರೊಂದನ್ನು ಭಕ್ತಿಪೂರ್ವಕ ಮನೆತುಂಬಿಸಿಕೊಂಡರು. ಆ ವರ್ಷದ ದೀಪಾವಳಿಗೆ ಅಳಿಯನಿಗೆ ಏನು ಕೊಡುವುದು? ಬೇರೆ ಮಾವಂದಿರು ಉಂಗುರ ಕೊಡುತ್ತಾರೆ, ವಾಚು ಕೊಡುತ್ತಾರೆ. ಮೊಳಕಾಲ್ಮುರುವಿನಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದ ನಮ್ಮಪ್ಪ ಹೊಸ ಬ್ಯಾಟರಿ ಕೊಟ್ಟರು! ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ತಂದು, ಅರಿಶಿನ ಕುಂಕುಮ ಹಚ್ಚಿ, ಎಲೆ ಅಡಿಕೆ ಸಮೇತ ಒಪ್ಪಿಸಿದರು. ಆಸಿಡ್ ತಗುಲಿ ಪಂಚೆ ತೂತಾದ ಸಂಗತಿಯನ್ನು ಮಾತ್ರ ಗೋಪ್ಯವಾಗಿಟ್ಟರು.

ಬ್ಯಾಟರಿಗೂ ಆಯಸ್ಸು ಅಂತ ಇರುತ್ತದಲ್ಲ? ಕೆಲವು ವರ್ಷಗಳ ಮೇಲೆ ಕಾರು ಬೆಳಗ್ಗೆ ಏಳಲು ತಕರಾರು ತೆಗೆಯಿತು. ಕೀ ತಿರುಗಿಸಿದರೆ "ಊಂ... ಊಂ..." ಎಂದು ನರಳುವುದು. ಹಾಲು ಹಾಕಲು ಬಂದ ಹೆಂಗಸೂ "ಬ್ಯಾಟ್ರಿ ಹೋಗೈತೆ ಕಣಣ್ಣ" ಎಂದಳು. ಭಾವ ಆಕೆಯ ಹಾಲನ್ನೇ ನಿಲ್ಲಿಸಿದರು! ಮಾವ ಕೊಟ್ಟ ವಸ್ತು ಕೆಟ್ಟಿತು ಎನ್ನುವುದುಂಟೆ? ಆ ಮುದುಕರು ಎಷ್ಟು ನೊಂದುಕೊಂಡಾರು!

ಆದ್ದರಿಂದ ತನಿಖೆ ಬೇರೆಡೆ ನಡೆಯಿತು. ಭಾವ ಬಾನೆಟ್ಟಿಗೆ ಕಿವಿಯಿಟ್ಟು, ಕಣ್ಣು ಮುಚ್ಚಿ, "ಪ್ಲಗ್ಗು" ಎಂದರು. ಪ್ಲಗ್ಗು ಬದಲಾಯಿತು. "ಕಾರ್ಬುರೇಟರು" ಎಂದರು. ಅದಕ್ಕೆ ಅಭ್ಯಂಜನವಾಯಿತು. "ಸೆಲ್ಫ್ ಮೋಟಾರು" ಎಂದರು. ಅದೂ ಹೊಸದು ಬಂತು. ಆಮೇಲೆ ಶೇಂಗಾ ಹೊಟ್ಟಿನ ಧೂಳಿನ ಮೇಲೆ ಗುಮಾನಿ ಹೋಯಿತು. ಕಡೆಗೆ ದಿಕ್ಕಿನ ಮೇಲೆ. ಒಂದು ವಾರ ಕಾರು ಪೂರ್ವಾಭಿಮುಖವಾಗಿ ಮಲಗಿತು. ಫಲ? ಊಂ... ಊಂ...

"ಬ್ಯಾಟ್ರಿ ಖತಂ, ಸಾರ್" ಎಂದ ಮೆಕ್ಯಾನಿಕ್.

"ಅದೊಂದು ಬಿಟ್ಟು ಬೇರೇನಾದ್ರೂ ಹೇಳಯ್ಯ!"

"ಬೇರೆ ಏನೈತೆ ಸಾರ್? ಎಲ್ಲಾ ಹೊಸದೇ ಹಾಕ್ಸಿದ್ದೀರಿ. ಇನ್ನು ಹಳೇದು ಅಂದ್ರೆ ನೀವೊಬ್ರೇ!"

"ಭಾವ, ಅಪ್ಪನಿಗೆ ತಿಳಿಯದಂಗೆ ಬೇರೆ ಹಾಕ್ಸಿ" ಎಂದೆ ಅವರ ಮನೆಯಲ್ಲೇ ಇದ್ದ ನಾನು.

"ಲೇ, ನಿಮ್ಮಪ್ಪಾರು ಬಂದಾಗೆಲ್ಲ ಬಾನೆಟ್ ಎತ್ತಿ ಅದ್ರ ಮುಖ ನೋಡ್ತಾರೆ ಕಣೋ. ಬೇರೇದು ಕಂಡ್ರೆ ಏನನ್ಕಂತಾರೆ?"

ಹೀಗಾಗಿ, ಬೀದಿಯ ಗಂಡಸರು ಹಲ್ಲುಜ್ಜಿ, ಭಾವನ ಕಾರು ತಳ್ಳಿ, ಆಮೇಲೆ ಕಾಫಿ ಕುಡಿಯುವುದು ಒಂದು ಸಂಪ್ರದಾಯವೇ ಆಗಿಹೋಯಿತು.

ಒಮ್ಮೆ ಅಪ್ಪ ಬಂದು ಎರಡು ದಿನವಿದ್ದು ಹೊರಟರು. ಬಸ್ಸಿಗೆ ಹೋಗುತ್ತೇನೆಂದರೂ ಭಾವ ಬಿಡಲಿಲ್ಲ. ಮುಂದಿನ ಸೀಟಿನಲ್ಲಿ ಕೂರಿಸಿ ಕೀ ತಿರುಗಿಸಿದರು. ಕಾರು ಎಂದಿನಂತೆ ನರಳಿತು. ತಳ್ಳಲು ಬಂದಿದ್ದ ಪಕ್ಕದ ಮನೆಯಾತ ತಾಳ್ಮೆಗೆಟ್ಟು ಕೂಗಿಯೇಬಿಟ್ಟ: "ಆ ಸತ್ತ ಬ್ಯಾಟ್ರಿ ತೆಗೆದು ಎಸೀರಿ ಅತ್ಲಾಗೆ!"

ಭಾವನ ಮುಖ ಬಿಳಿಚಿಕೊಂಡಿತು. "ಇಲ್ಲ ಮಾವಾರೇ, ಬ್ಯಾಟ್ರಿ ಗುಂಡುಕಲ್ಲು ಇದ್ದಂಗೈತೆ! ಪ್ಲಗ್ಗಿಂದೇ ತಕರಾರು..."

ಅಪ್ಪ ನಿಧಾನವಾಗಿ ಇಳಿದರು. ಹೆಗಲ ಟವೆಲ್ಲನ್ನು ಸೊಂಟಕ್ಕೆ ಬಿಗಿದರು. "ನಮ್ಮ ಅಳಿಯಂದ್ರು ಪ್ಲಗ್ಗು ಅಂದ್ರೆ ಪ್ಲಗ್ಗೇ ಕಣಪ್ಪ. ನೀನು ಸುಮ್ಕೆ ತಳ್ಳು" ಎಂದು ಪಕ್ಕದ ಮನೆಯಾತನಿಗೆ ಹೇಳಿ, ತಾವೂ ಹಿಂದೆ ಹೋಗಿ ಡಿಕ್ಕಿಗೆ ಕೈ ಹಚ್ಚಿದರು.

ಭಾವ ಧಡಕ್ಕನೆ ಇಳಿದು ಹಿಂದಕ್ಕೆ ಓಡಿದರು. "ನೀವು ತಳ್ಳೋದಾ ಮಾವಾರೇ? ಒಳಗೆ ಕೂತ್ಕಳ್ರಿ!"

"ನೀವು ಕೂತ್ಕಳ್ರಿ ಅಳಿಯಂದ್ರೇ."

ಇಬ್ಬರೂ ಬಿಡದೆ ತಳ್ಳಿದರು. ಸ್ಟೀರಿಂಗ್ ಹಿಡಿಯುವವರೇ ಇಲ್ಲದೆ ಕಾರು ಪ್ರಯಾಣ ಬೆಳೆಸಿತು! ನಾನು ಓಡಿಹೋಗಿ ಹತ್ತಿ ಗೇರು ಹಾಕಿದೆ. ಎಂಜಿನ್ನು ಗುಡುಗಿತು. ಕ್ಲಚ್ಚು ಒತ್ತಿ ಹಿಡಿದು ಕನ್ನಡಿ ನೋಡಿದೆ. ಬೀದಿಯವರೆಲ್ಲ ಕೈ ಬಿಟ್ಟು ಹಿಂದುಳಿದಿದ್ದರು. ಬಿಳಿತಲೆಯೊಂದು, ಕರಿತಲೆಯೊಂದು, ಒಬ್ಬರ ಮುಖ ಒಬ್ಬರು ನೋಡದೆ, ಭುಜಕ್ಕೆ ಭುಜ ತಾಗಿಸಿಕೊಂಡು ಇನ್ನೂ ತಳ್ಳುತ್ತಲೇ ಇದ್ದವು.