ಯಾವ ಕೊರತೆಯೂ ಇಲ್ಲದ ಮುನಿಯಪ್ಪನವರು

ನನ್ನ ಕೈ ಹಿಡಿದು ಮರಳಿನ ಮೇಲೆ ಮೊದಲ ಅಕ್ಷರ ಬರೆಸಿದ ಗುರುಗಳಿಗೂ, ಆ ಅಕ್ಷರಕ್ಕೆ ಒಡತಿಯಾದ ಶಾರದೆಗೂ ಕೃತಜ್ಞತೆಯ ನಮಸ್ಕಾರಗಳು. ಮುಂದೆ ನಡೆದುದರಲ್ಲಿ ಅವರಿಬ್ಬರದೂ ತಪ್ಪಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಗಂಗಾನಗರದ ನಮ್ಮ ಮನೆಗೆ ಹಾಲು ಹಾಕುತ್ತಿದ್ದ ನಂಜಮ್ಮ ಒಂದು ಶುಕ್ರವಾರ ಅಳುತ್ತ ಬಂದಳು. ಯಾರದೋ ಹೊಡೆದಾಟ ಬಿಡಿಸಲು ಹೋದ ಅವಳ ಗಂಡ ಮುನಿಯಪ್ಪನಿಗೇ ಜೈಲುಶಿಕ್ಷೆಯಾಗಿತ್ತು.

"ಮೇಲಿನ್ ಕೋರ್ಟ್ಗೆ ಅಪೀಲು ಆಕ್ಬೇಕಂತೆ ಅಯ್ನೋರೇ. ಆರೇ ದಿನ ಉಳ್ದಿರೋದು. ಫೀಸ್ ಕಟ್ಟಾಕೆ ಆಗಾಕಿಲ್ಲ ಅಂತ ಬರ್ದು ಕೊಟ್ರೆ ಮಾಫಿ ಮಾಡ್ತಾರಂತೆ."

ಬೀದಿಯ ಲಗ್ನಪತ್ರಿಕೆಗಳನ್ನೆಲ್ಲ ರಚಿಸಿದವನು ನಾನು. ಒಂದು ಅರ್ಜಿ ಯಾವ ಲೆಕ್ಕ?

"ಬಡವರು ಅಂತ ಒಂದು ಮಾತು ಬರೀರಿ, ಸಾಕು," ಎಂದಳು ನನ್ನ ಪತ್ನಿ.

"ಶುಕ್ರವಾರ ಕಣೇ. ಒಬ್ಬ ಗೃಹಸ್ಥನ ಹೆಸರಿನ ಪಕ್ಕ ದಾರಿದ್ರ್ಯ ಅಂತ ಬರೆಯೋದೇ?"

ಕೈಯಿಂದ ಬರೆದ ಅಶುಭ ಮನೆ ಹೊಗುತ್ತದೆಂದು ಕಲಿತವನು ನಾನು. ಆದ್ದರಿಂದ ನಾಲ್ಕು ಪುಟಗಳಲ್ಲಿ, 'ಗೋಸಂಪತ್ತಿನಿಂದ ಶೋಭಿಸುವ, ಭಗವತ್ಕೃಪೆಯಿಂದ ಯಾವ ಕೊರತೆಯೂ ಇಲ್ಲದ ಶ್ರೀಮಾನ್ ಮುನಿಯಪ್ಪನವರು ಶುಲ್ಕ ವಿನಾಯಿತಿಯನ್ನು ಪ್ರಾರ್ಥಿಸುತ್ತಾರೆ' ಎಂದು ಬರೆದು, ಮೂಲೆಗಳಿಗೆ ಅರಿಸಿನ ಹಚ್ಚಿದೆ. ಗೋಸಂಪತ್ತೆಂದರೆ ಒಂದು ಹಸು.

ಸೋಮವಾರ ಕೋರ್ಟಿನ ಗುಮಾಸ್ತರು ಅದನ್ನು ಎರಡು ಸಲ ಓದಿದರು. "ಸ್ವಾಮಿ, ಏನೂ ಕೊರತೆ ಇಲ್ದೋರಿಗೆ ಮಾಫಿ ಯಾಕ್ರೀ? ಊಟ ಎಷ್ಟು ಹೊತ್ತಿಗೆ, ಅದನ್ನೂ ಬರೆದುಬಿಡಿ."

ಅರ್ಜಿ ಮರಳಿತು. ಉಳಿದದ್ದು ಮೂರೇ ದಿನ. ಜೊತೆಗೆ ಬಂದಿದ್ದ ನಂಜಮ್ಮ ಕೋರ್ಟಿನ ಮೆಟ್ಟಿಲ ಮೇಲೆ ಕುಸಿದಳು.

ಹೊರಗೆ ಮರದ ಕೆಳಗೆ ಟೈಪು ಮಾಡುತ್ತಿದ್ದ ಖಾದರ್ ಸಾಹೇಬರು ನಮ್ಮನ್ನು ಕರೆದರು. "ಪಂಡಿತ್ರೇ, ಒಳಗಿರೋ ಖೈದಿ ಜೈಲಿಂದ್ಲೇ ಅಪೀಲು ಹಾಕಿದ್ರೆ ಫೀಸೇ ಇಲ್ಲ. ಮಾಫಿ ಯಾತಕ್ಕೆ? ಸೂಪರಿಂಟೆಂಡೆಂಟ್ ಸಾಹೇಬ್ರ ಕೈಗೆ ಕೊಟ್ರೆ ಅವ್ರೇ ಕಳಿಸ್ತಾರೆ. ಹೋಗಿ, ಹೋಗಿ."

ಜೈಲಿಗೆ ಓಡಿದೆವು. ಸರಳುಗಳ ಹಿಂದೆ ಮುನಿಯಪ್ಪ ಶಾಂತವಾಗಿ ನಿಂತಿದ್ದ.

"ಓದ್ ವಾರವೇ ಕೊಟ್ಟೆ ಅಯ್ನೋರೇ. ಇಲ್ಲೊಬ್ಬ ನಾಕು ಸಾಲು ಗೀಚ್ಕೊಟ್ಟ. ಕಳ್ಸವ್ರೆ."

ನಂಜಮ್ಮ ಅಳುತ್ತಲೇ ನಕ್ಕಳು. ನನ್ನ ನಾಲ್ಕು ಪುಟಗಳನ್ನು ಗಂಡನಿಗೆ ಪ್ರಸಾದದಂತೆ ಕೊಟ್ಟು ಬಂದಳು.

ಮರುವರ್ಷ ಆ ನಾಲ್ಕು ಸಾಲು ಗೆದ್ದವು. ಮುನಿಯಪ್ಪ ಗಿಣ್ಣಿನ ಹಾಲು ಹಿಡಿದು ನಮ್ಮ ಬಾಗಿಲಿಗೆ ಬಂದ.

"ನಿಮ್ ಕಾಗ್ದಾನ ಜೈಲಲ್ಲಿ ಎಲ್ರೂ ಓದುಸ್ಕಂಡು ಕೇಳುದ್ರು ಅಯ್ನೋರೇ. ಅವತ್ತಿಂದ ನಾನು ಸಾವ್ಕಾರ. ದಿನಾ ಬೆಳಿಗ್ಗೆ ನನ್ತಾವ ಬೀಡಿ ಕೇಳಾಕೆ ಸಾಲು ನಿಲ್ಲೋರು."

"ಅಂತೂ ಇವರ ಬರಹವನ್ನು ಒಂದು ಕಡೆಯಾದರೂ ನಂಬಿದರಲ್ಲ," ಎಂದಳು ನನ್ನ ಪತ್ನಿ, ಹಾಲನ್ನು ಒಳಗೆ ಒಯ್ಯುತ್ತ.

ಅರ್ಜಿ ಮರಳಿಸಿದ ಗುಮಾಸ್ತರಿಗೂ, ದಾರಿ ತೋರಿದ ಖಾದರ್ ಸಾಹೇಬರಿಗೂ, ನಾಲ್ಕು ಸಾಲು ಗೀಚಿದ ಆ ಅಜ್ಞಾತ ಮಹಾಕವಿಗೂ ಮಂಗಳವಾಗಲಿ. ನಂಜಮ್ಮನ ಹಸು ಹಾಲು ಕರೆಯುತ್ತಿರಲಿ. ನನ್ನ ನೆರವಿದ್ದೂ ಬಿಡುಗಡೆ ಹೊಂದಿದ ಮುನಿಯಪ್ಪನಿಗೆ ಭಗವಂತನು ದೀರ್ಘಾಯುಸ್ಸನ್ನು ಕರುಣಿಸಲಿ.