ಈಯದ ಆಕಳ ಬಾಣಂತನ

ಮಲ್ಲಿನಾಥ ಡಾಕ್ಟರರ ಹೆಸರು ನಾನು ಮೊದಲು ಕೇಳಿದ್ದು ಎಳ್ಳಮಾವಾಸ್ಯೆಯ ಮಾರನೆಯ ದಿನ, ಉಳಿದ ಸಜ್ಜೆ ರೊಟ್ಟಿ ಮುರಿಯುತ್ತಿದ್ದಾಗ. (ನಾನು ಕಲಿತದ್ದು ಎರಡನೆಯ ಇಯತ್ತೆ. ಆದರೆ ಸಿಟ್ಟು ಬಂದ ದಿನ ಮರೆಯುವವಳಲ್ಲ.)

"ಅತ್ತೀ, ಟಿಕೋಟಾದಿಂದ ದನದ ಡಾಕ್ಟರ್ ಮಲ್ಲಿನಾಥ ಬರಾಕತ್ತಾರ" ಎಂದಳು ಸೊಸೆ ಸುವರ್ಣಾ. "ಏಳು ದಿನ ಸೂಜಿ ಮಾಡಿದ್ರ ಆಕಳ ಈಯಲಾರ್ದನ ಹಾಲು ಕೊಡತೈತಂತ."

ಈಯದೆ ಹಾಲು! ಇಬ್ರಾಹಿಂಪುರದ ಇದೇ ಮನೆಯಲ್ಲಿ ನಾಲ್ಕು ಹೆತ್ತವಳು ನಾನು. ಹಾಲು ಬರಬೇಕಾದರೆ ಎಷ್ಟು ಅರಚಬೇಕೆಂದು ನನಗೆ ಗೊತ್ತಿಲ್ಲವೇ?

"ಹಂಗಿದ್ರ ನನಗೂ ಒಂದು ಸೂಜಿ ಮಾಡಸು, ನಾಳಿಂದ ಚಾದ ಚಿಂತಿ ಇರಂಗಿಲ್ಲ!" ಎಂದೆ.

ಸುವರ್ಣಾ ನಗಲಿಲ್ಲ. "ಎರಡು ವರ್ಷಾತು, ಗಬ್ಬ ನಿಂತಿಲ್ಲ. ತಿನ್ನೂದು, ಮಲಗೂದು. ಸೂಜಿ ಬ್ಯಾಡಂದ್ರ ರವಿವಾರ ಸಂತಿಗೆ ಹೊಡಿತೀವಿ." (ಹೇಳಿದ್ದು ಆಕಳಿಗೆ. ನೋಡಿದ್ದು ನನ್ನ ಕಡೆಗೆ.)

ನಮ್ಮ ಆಕಳು ಚಂದ್ರಿ ಎಂದರೆ, ನಮ್ಮವರು ತಾವು ತೀರಿಕೊಂಡ ವರ್ಷ ಬಬಲೇಶ್ವರದಿಂದ ಟಂಟಂ ರಿಕ್ಷಾದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದ ಕರು. ನನ್ನ ಪಕ್ಕದಲ್ಲಿ ಕೂರಲಿಕ್ಕೂ ನಾಚುತ್ತಿದ್ದ ಮನುಷ್ಯ! ಆದರೂ ಅವರು ತಂದದ್ದನ್ನು ಸಂತೆಗೆ ಕಳಿಸಲೇ? ಸೂಜಿಗೆ ಹೂಂ ಎಂದೆ. ಜೊತೆಗೇ ಘೋರ ಶಪಥವನ್ನೂ ಮಾಡಿದೆ: "ಆ ಹಾಲು ಮುಟ್ಟಂಗಿಲ್ಲ, ಆ ಡಾಕ್ಟರನ ಮಾರಿ ನೋಡಂಗಿಲ್ಲ!"

ಡಾಕ್ಟರು ಬೈಕಿನಲ್ಲಿ ಬಂದರು. ಇನ್ನೂ ಮೀಸೆ ಸರಿಯಾಗಿ ಬಲಿತಿಲ್ಲ, ಬಾಣಂತನದ ಪಾಠ ಹೇಳಲಿಕ್ಕೆ ನಿಂತರು! "ಮುಂಜಾನಿ ಒಂದು ಸೂಜಿ, ಸಂಜಿಗೊಂದು. ಆಮ್ಯಾಲ ದಿನಾ ಎರಡು ಹೊತ್ತು ಬಿಸಿನೀರಾಗ ಅರಿವಿ ಅದ್ದಿ ಕೆಚ್ಚಲಾ ತಿಕ್ಕಬೇಕ್ರಿ. ಯಾರು ತಿಕ್ಕತೀರಿ?"

ಸುವರ್ಣಾ ಕೈಯ ಮೆಹಂದಿ ನೋಡಿಕೊಂಡಳು. ಮಗ ಯಲ್ಲಾಲಿಂಗ ಮೊಬೈಲು ನೋಡಿಕೊಂಡ. ಚಂದ್ರಿ ನನ್ನನ್ನು ನೋಡಿತು.

ಹೀಗೆ ಈಯದ ಆಕಳ ಬಾಣಂತನ ಈ ಮುದುಕಿಯ ಕೊರಳಿಗೆ ಬಿತ್ತು. ತಿಕ್ಕುವಷ್ಟು ಹೊತ್ತೂ ಡಾಕ್ಟರನ್ನು ಬಯ್ಯುತ್ತಿದ್ದೆ. ಚಂದ್ರಿ ಕತ್ತು ತಿರುಗಿಸಿ ನನ್ನ ತಲೆ ನೆಕ್ಕುತ್ತಿತ್ತು. ಇದ್ದ ನಾಲ್ಕು ಕೂದಲಿಗೂ ಹಣಿಗೆ ಬೇಕಾಗಲಿಲ್ಲ.

ಹದಿನೇಳನೆಯ ದಿನ ಹಾಲು ಬಂತು! ಸುದ್ದಿ ಗೋಡೆ ಹಾರಿತು. ಪಕ್ಕದ ಮನೆಯ ಪೀರಾಂಬಿ ಡಬ್ಬಿ ಹಿಡಿದು ಬಂದಳು.

"ರಾಚವ್ವಾ, ಗಿಣ್ಣದ ಹಾಲು ಕೊಡು ಬೇ. ಕರಾ ಗಂಡೋ, ಹೆಣ್ಣೋ?"

"ಕರಾ ಇಲ್ಲ."

"ಸತ್ತೈತೇನು?"

"ಹುಟ್ಟೇ ಇಲ್ಲ ಬೇ!"

ಪೀರಾಂಬಿ ಡಬ್ಬಿ ಕೆಳಗಿಟ್ಟು ನನ್ನ ಹಣೆ ಮುಟ್ಟಿ ಜ್ವರ ನೋಡಿದಳು. ಗಿಣ್ಣ ಕೇಳಿ ಬಂದವರನ್ನು ಖಾಲಿ ಡಬ್ಬಿಯೊಡನೆ ಕಳಿಸಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಸಾಲದೆಂಬಂತೆ ಡಾಕ್ಟರು, "ಹಾಲಿನಾಗ ಔಷಧ ಇಳೀತೈತಿ, ನಾ ಹೇಳೂತನಾ ಹಿಂಡಿ ಚೆಲ್ರಿ" ಎಂದುಬಿಟ್ಟರು.

"ಚೆಲ್ಲಾಕ ಹಿಂಡಬೇಕೇನೋ ಯಪ್ಪಾ?" ಎಂದು ಕೂಗಿದೆ. ಆದರೂ ಅಷ್ಟೂ ದಿನ ಹಿಂಡಿದವಳು ನಾನೇ, ಚೆಲ್ಲಿದವಳೂ ನಾನೇ.

ಡಾಕ್ಟರು ಇನ್ನು ಕುಡಿಯಬಹುದೆಂದ ದಿನ, ನನ್ನ ಕೆಲಸ ಮುಗಿಯಿತೆಂದು ಒಳಗೆ ಹೋಗಿ ಕೂತೆ. ಸುವರ್ಣಾ ಹೊಸ ಬಕೀಟು ಹಿಡಿದು ಹಿಂಡಲು ಕೂತಳು. ಒಂದು ಹನಿಯೂ ಬರಲಿಲ್ಲ. ಯಲ್ಲಾಲಿಂಗ ಕೂತ, ಬಕೀಟು ಮೇವಿಗೆ ಬಿತ್ತು, ಯಲ್ಲಾಲಿಂಗ ಸಗಣಿಗೆ ಬಿದ್ದ. ಡಾಕ್ಟರನ್ನು ಕರೆಸಿದರು. ಗದ್ದಲ ತಾಳಲಾರದೆ ಬಯ್ಯುತ್ತ ನಾನು ಹೊರಗೆ ಬಂದದ್ದೇ ತಡ, ಕೆಚ್ಚಲಿನಿಂದ ತೊಟ್ ತೊಟ್ ಎಂದು ಹಾಲು!

ಡಾಕ್ಟರು ಒಮ್ಮೆ ಆಕಳನ್ನು, ಒಮ್ಮೆ ನನ್ನನ್ನು ನೋಡಿದರು. "ಆಯೀ, ಇದು ನಿಮ್ಮನ್ನ ಕರಾ ಅಂತ ತಿಳಕೊಂಡೈತ್ರಿ."

"ಎಪ್ಪತ್ತೆರಡು ವರ್ಷದ ಕರಾನ?"

"ಅತ್ತೀ, ರವಿವಾರ ಸಂತಿ ಐತಿ" ಎಂದಳು ಸುವರ್ಣಾ ಮೆಲ್ಲಗೆ.

ಅಂದಿನಿಂದ ಎರಡು ಹೊತ್ತೂ ಚಂದ್ರಿಯ ಮುಂದೆ ತಲೆ ಬಗ್ಗಿಸಿ ಕೂರುತ್ತೇನೆ. ಅದು ನೆಕ್ಕುತ್ತದೆ, ಸೊಸೆ ಹಿಂಡುತ್ತಾಳೆ. (ಹಾಲು ಮುಟ್ಟುವುದಿಲ್ಲ ಎಂಬ ಶಪಥ ಇನ್ನೂ ಗಟ್ಟಿಯಾಗಿದೆ. ಚಹಾಕ್ಕೆ ಬಿದ್ದ ಮೇಲೆ ಅದು ಚಹಾ.)

ಮೊನ್ನೆ ಡಾಕ್ಟರು ಕೊನೆಯ ಸಲ ನೋಡಿ ಹೋಗಲು ಬಂದಿದ್ದರು. ಬೈಕು ಚಾಲೂ ಮಾಡಿದವರು ಆರಿಸಿ, ತಲೆ ಕೆರೆಯುತ್ತ ಮರಳಿ ಬಂದರು. ಗೋಡೆಯ ಮೇಲೆ ಪೀರಾಂಬಿಯ ತಲೆ ಆಗಲೇ ಮೂಡಿತ್ತು.

"ಆಯೀ, ಸಿಟ್ಟಿಗೇಳಬ್ಯಾಡ್ರಿ. ಇನ್ನೊಂದು ಲೀಟರ್ ಇಳದರೂ ಇಳೀಬಹುದು. ಹಿಂಡೂಕಿಂತ ಮೊದಲ ನೀವು ಒಂದ ಒಂದು ಸಲ 'ಅಂಬಾ' ಅಂತೀರೇನು?"