ಶಾಲೆಯ ಗೇಟಿನಿಂದ ತಾನೇ ತಿರುಗುವ ಕುದುರೆಯವರಿಗೆ

ಲಕ್ಷ್ಮೀಪುರಂ, ಮೈಸೂರು
ಜುಲೈ ೧೯೫೪

ಬೆಟ್ಟಯ್ಯನ ಜಟಕಾ ಎಳೆಯುವ ಮಾನ್ಯ ಕುದುರೆಯವರೇ,

ತಮಗೂ ತಮ್ಮ ನಾಲ್ಕು ಲಾಳಗಳಿಗೂ ಅನಂತ ವಂದನೆಗಳು. ನಿವೃತ್ತ ಶಿರಸ್ತೇದಾರ ರುದ್ರಸ್ವಾಮಿಯಾದ ನಾನು ನೌಕರಿಯ ಕಾಲದಲ್ಲಿ ಎಂಥೆಂಥ ಸಾಹೇಬರಿಗೋ ಅರ್ಜಿ ಬರೆದವನು, ಇಂದು ತಮಗೆ ಬರೆಯಬೇಕಾಗಿ ಬಂದಿದೆ. ಕಾಲ ಕಣ್ರೀ!

ಮಕ್ಕಳ ಅಳುವಿಗೆ ಕರಗಬಾರದೆಂದು ಮನೆಯವರಿಗೆಲ್ಲ ಉಪದೇಶ ಮಾಡಿ, ಮೊಮ್ಮಗಳು ನೀಲಾಂಬಿಕೆಯನ್ನು ಶಾಲೆಗೆ ಸೇರಿಸಲು ನಾನೇ ಹೊರಟೆ. ವಾಡಿಕೆಯಂತೆ ತರಗತಿಯ ಮಕ್ಕಳಿಗೆ ಹಂಚಲು ಪುರಿ, ಕಡಲೆ, ಬೆಲ್ಲ ಒಯ್ದಿದ್ದೆವು. ಮೊದಲ ಹಿಡಿ ತಮಗೇ ಸಲ್ಲಬೇಕೆಂದು ಮಗು ಹಠ ಹಿಡಿಯಿತು, ತಾವೂ ಸಂಕೋಚಪಡದೆ ಸ್ವೀಕರಿಸಿದಿರಿ. ಆದರೆ ಗೇಟಿನ ಬಳಿ ಇಳಿಸಿದ ಕೂಡಲೇ ಅದು ಬೀದಿಗೆಲ್ಲ ಕೇಳುವಂತೆ ಅತ್ತಾಗ, ನಾಳೆ ನೋಡೋಣವೆಂದು ಎತ್ತಿ ಕೂರಿಸಿಕೊಂಡು ಗಾಡಿ ತಿರುಗಿಸಲು ಹೇಳಿದೆ. ಮರುದಿನವೂ ಅದೇ ಕಥೆ, ಅದರ ಮರುದಿನವೂ ಅದೇ. ತಾವು ಬಲು ಸೂಕ್ಷ್ಮಮತಿಗಳು; ಗೇಟಿನಲ್ಲಿ ಅಳು ಕೇಳಿದರೆ ಮನೆಗೆ ಹೊರಡಬೇಕೆಂಬ ಕಾನೂನನ್ನು ಯಾರೂ ಹೇಳಿಕೊಡದೆ ಕಲಿತುಬಿಟ್ಟಿರಿ. ಆಮೇಲೆ ಮಗು ತುಟಿ ಸೊಟ್ಟ ಮಾಡಿ ಒಮ್ಮೆ ಬಿಕ್ಕಿದರೆ ಸಾಕು, ಬೆಟ್ಟಯ್ಯ ಲಗಾಮು ಎಳೆಯುವ ಮೊದಲೇ ನಮ್ಮ ಮೆರವಣಿಗೆ ಲಕ್ಷ್ಮೀಪುರಂ ಕಡೆಗೆ.

"ಹಿಂಗೇ ಆದ್ರೆ ಮುಂದಿನ್ ವರ್ಷ ಸೇರ್ಸಿ ಯಜಮಾನ್ರೇ, ಈ ಜಾಗ ಬೇರೆ ಮಗೂಗೆ ಕೊಡ್ಬೇಕಾಗುತ್ತೆ" ಎಂದು ಮುಖ್ಯೋಪಾಧ್ಯಾಯಿನಿ ಸರೋಜಮ್ಮನವರು ಹೇಳಿಯೇಬಿಟ್ಟರು. ತಮ್ಮ ಕಿವಿಗಳ ದೆಸೆಯಿಂದ ಮಗುವಿನ ಒಂದು ವರ್ಷ ಮಣ್ಣುಪಾಲಾಗುವುದರಲ್ಲಿತ್ತು! ಕೊನೆಗೆ ಆ ಪುಣ್ಯಾತಗಿತ್ತಿಯೇ ಗೇಟಿಗೆ ಬಂದು, "ಪಾಪ, ಈ ಕುದುರೆಗೆ ಅ ಆ ಇ ಈ ಬರಲ್ವಂತೆ ಕಣಮ್ಮ, ನೀನು ಕಲ್ತು ಅದಕ್ಕೆ ಹೇಳ್ಕೊಡ್ತೀಯಾ?" ಎಂದರು. ಮಗು ಕಣ್ಣೊರೆಸಿಕೊಂಡು ಒಳಗೆ ನಡೆಯಿತು. ಅಂದಿನಿಂದ ದಿನಾ ಸಂಜೆ ತಮಗೆ ಪಾಠ. ತಾವು ಇಲ್ಲಿಯತನಕ ಒಂದಕ್ಷರವನ್ನೂ ಕಲಿಯದೆ ಅವಳ ಉತ್ಸಾಹ ಕಾಪಾಡಿರುವುದಕ್ಕೆ ನಮ್ಮ ಮನೆತನವೇ ಋಣಿ, ಅವಳ ಎಸ್.ಎಸ್.ಎಲ್.ಸಿ. ಮುಗಿಯುವವರೆಗೂ ದಯಮಾಡಿ ಹೀಗೆಯೇ ದಡ್ಡರಾಗಿರಬೇಕೆಂದು ಪ್ರಾರ್ಥನೆ.

ಇನ್ನು ನನ್ನ ದೂರು. ಈ ಸೋಮವಾರ ನೀಲಾ ಗಾಡಿಯಿಂದ ತಾನೇ ಧುಮುಕಿ, "ಸಂಜೆ ಬಾ, ಆಯ್ತಾ?" ಎಂದು ತಮ್ಮ ಮೂತಿ ಸವರಿ, ಯಾವಳೋ ಗೆಳತಿಯ ಕೈ ಹಿಡಿದು ಓಡಿದಳು. ತಾತ ಎಂಬ ಪ್ರಾಣಿಯೊಂದು ಗಾಡಿಯಲ್ಲಿ ಕೂತಿದೆಯೆಂದು ತಿರುಗಿ ಕೂಡ ನೋಡಲಿಲ್ಲ. ಅಷ್ಟರಲ್ಲಿ ತಾವು ಯಾರೂ ಹೇಳದೆ ಮನೆಯ ಕಡೆಗೆ ತಿರುಗಿದಿರಿ. "ಮಗು ನಗ್ತಾ ಒಳಗೋಯ್ತಲ್ಲ ಬುದ್ಧಿ, ಇದ್ಯಾಕಿಂಗೆ ತಿರುಗ್ಬುಡ್ತು?" ಎಂದು ಬೆಟ್ಟಯ್ಯ ಕೇಳಿದ. ನೆಗಡಿ ಕಣಯ್ಯ ಎಂದು ಮೂಗೊರೆಸಿಕೊಂಡೆ. ಐದು ವರ್ಷದವರ ಅಳುವಿಗೂ ಅರವತ್ತು ದಾಟಿದವರ ನೆಗಡಿಗೂ ಇರುವ ವ್ಯತ್ಯಾಸವನ್ನು ತಾವು ಕೂಡಲೇ ಕಲಿಯಬೇಕು, ಇಲ್ಲವೇ ಗೇಟು ಬಂದೊಡನೆ ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕು.

ಜಟಕಾದಲ್ಲಿ ಒಬ್ಬನೇ ಉಳಿದ
ತಮ್ಮ ವಿಶ್ವಾಸಿ,
ರುದ್ರಸ್ವಾಮಿ

ತಾ.ಕ.: ನನ್ನ ಮನೆಯಾಕೆ ದಾಕ್ಷಾಯಣಮ್ಮ ದಿನಾ ಮೆಣಸಿನ ಸಾರು ಬಡಿಸುತ್ತಾ, ಶಾಲೆಯ ಗೇಟಿನಲ್ಲಿ ಹಿಡಿದು ಮನೆಯ ಬಾಗಿಲಲ್ಲಿ ಬಿಡುವ ನೆಗಡಿ ಯಾವುದೆಂದು ಕೇಳುತ್ತಿದ್ದಾಳೆ. ಅವಳಿಗೆ ಹೇಳಿದವರು ತಾವೇ ಆಗಿದ್ದರೆ, ನಾಳೆಯಿಂದ ಬೆಲ್ಲ ಬಂದ್.